ಶಾಲೆಯ ಎಲ್ಲೆ: ಯಾರ ಅಳತೆ?

ಕುಪ್ಪಳ್ಳಿಗೆ ಬರುವವರು ಕವಿಮನೆಯನ್ನು ನೋಡುತ್ತಾರೆ, ಕವಿಶೈಲವನ್ನು ಹತ್ತುತ್ತಾರೆ, ಹೊತ್ತು ಮುಳುಗುವುದನ್ನು ಕಂಡು ತೀರ್ಥಹಳ್ಳಿಗೋ ಕೊಪ್ಪಕ್ಕೋ ಹಿಂದಿರುಗುತ್ತಾರೆ. ಆ ಮನೆಯ ಹುಡುಗ ಮೊದಲ ಅಕ್ಷರ ಕಲಿತದ್ದು ಎಲ್ಲಿ ಎಂದು ಕೇಳುವವರು ಕಡಮೆ. ಕಲಿತದ್ದು ಮನೆಯಲ್ಲಿಯೇ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದ ಕಡೆಯಿಂದ ಬಂದ ಉಪಾಧ್ಯಾಯರೊಬ್ಬರು ಮನೆಯಲ್ಲಿ ಮಕ್ಕಳಿಗೆ ಓದು ಹೇಳಿಕೊಡುತ್ತಿದ್ದರು. ಆಮೇಲೆ ಹುಡುಗ ತೀರ್ಥಹಳ್ಳಿಯ ಶಾಲೆಗೆ ಹೋದ, ಅಲ್ಲಿಂದ ಮೈಸೂರಿಗೆ ಹೋದ, ಕುವೆಂಪು ಆದ. ಇದು ಇಪ್ಪತ್ತನೆಯ ಶತಮಾನದ ಆರಂಭದ ಮಾತು. ಮನೆಗೆ ಮೇಷ್ಟರನ್ನು ಕರೆಸುವುದು, ಪೇಟೆಯಲ್ಲಿ ಮಗನನ್ನು ಬಿಟ್ಟು ಓದಿಸುವುದು ಆ ಕಾಲದಲ್ಲಿ ಅನುಕೂಲಸ್ಥರ ಮನೆಗಳಿಗೆ ಸಾಧ್ಯವಿದ್ದ ಏರ್ಪಾಟು. ಗದ್ದೆಯಲ್ಲಿ ದುಡಿಯುವವನ ಮಗನಿಗೂ ಮಗಳಿಗೂ ಶಾಲೆ ಎಂಬುದು ಕೈಗೆಟುಕಿದ್ದು, ಸರ್ಕಾರವು ಗುಡ್ಡದಿಂದ ಗುಡ್ಡಕ್ಕೆ ಒಂದೊಂದು ಹೆಂಚಿನ ಕೊಠಡಿ ಕಟ್ಟಿ, ಒಬ್ಬೊಬ್ಬ ಮೇಷ್ಟರನ್ನು ಕಳುಹಿಸುತ್ತ ಹೋದ ಮೇಲೆಯೇ.

ಆ ಕೊಠಡಿಗಳ ಭವಿಷ್ಯ ಈಗ ಚರ್ಚೆಯಲ್ಲಿದೆ. ಯಾವ ಮನೆಯ ಮಗು ಯಾವ ಶಾಲೆಗೆ ಹೋಗಬೇಕು, ಆ ಶಾಲೆ ಎಷ್ಟು ದೂರದಲ್ಲಿರಬೇಕು, ಯಾವುದು ಉಳಿಯಬೇಕು, ಯಾವುದು ಇನ್ನೊಂದರಲ್ಲಿ ಸೇರಬೇಕು ಎಂಬುದನ್ನು ನಿಶ್ಚಯಿಸುವ ಯೋಜನೆಗಳು ಒಂದರ ಮೇಲೊಂದು ಬರುತ್ತಿವೆ. ಇದು ಹಳ್ಳಿಯವರ ತಾಪತ್ರಯ, ನಮಗೇನು ಎಂದು ಪೇಟೆಯ ನಮ್ಮ ವಾಚಕರು ಪುಟ ತಿರುವದಿರಲಿ ಎಂದು ಕೋರುತ್ತೇವೆ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರು, ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವರು, ಬಸ್ ನಿಲ್ದಾಣದ ಬಳಿ ಕಿರಾಣಿ ಅಂಗಡಿ ಇಟ್ಟುಕೊಂಡವರು, ಇವರಲ್ಲಿ ಬಹುಮಂದಿ ಅದೇ ಗುಡ್ಡಗಳಿಂದ ಇಳಿದು ಬಂದವರೇ. ನಮ್ಮ ಜಿಲ್ಲೆ ಒಂದು ಕಡೆ ಬೆಳೆಯುತ್ತಿದೆ, ಇನ್ನೊಂದು ಕಡೆ ಬರಿದಾಗುತ್ತಿದೆ. ಶಿವಮೊಗ್ಗದ ಸುತ್ತ ಗದ್ದೆಗಳು ಬಡಾವಣೆಗಳಾಗುತ್ತಿವೆ; 2023ರಲ್ಲಿ ವಿಮಾನ ನಿಲ್ದಾಣವೂ ಬಂದಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಒಳಭಾಗದಲ್ಲಿ ತೋಟದ ಮನೆಗಳಲ್ಲಿ ಮುದುಕರಿಬ್ಬರು ಉಳಿದು, ಶಾಲೆಯ ಬೆಂಚುಗಳು ಖಾಲಿಯಾಗುತ್ತಿವೆ. ಎರಡು ಕಡೆಯೂ ಎಲ್ಲೆಯ ಪ್ರಶ್ನೆಯೇ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ನೆರೆಹೊರೆಯಲ್ಲಿಯೇ ಶಾಲೆ ಇರಬೇಕೆಂದು ಅದು ಹೇಳುತ್ತದೆ. ನೆರೆಹೊರೆ ಎಂದರೆ ಎಷ್ಟು ದೂರ? ಕೇಂದ್ರ ಸರ್ಕಾರದ 2010ರ ನಿಯಮಗಳ ಪ್ರಕಾರ ಒಂದರಿಂದ ಐದನೆಯ ತರಗತಿಗೆ ನಡೆದು ಹೋಗಬಹುದಾದ ಒಂದು ಕಿಲೋಮೀಟರು, ಆರರಿಂದ ಎಂಟನೆಯ ತರಗತಿಗೆ ಮೂರು ಕಿಲೋಮೀಟರು. ಅದೇ ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ. ಇದನ್ನು ನಮ್ಮ ಅಧಿಕಾರಿಗಳು ಓದಿದ ಹಾಗೆ ಕಾಣುವುದಿಲ್ಲ. ದುರ್ಗಮ ಪ್ರದೇಶ, ಭೂಕುಸಿತ, ಪ್ರವಾಹ, ರಸ್ತೆ ಇಲ್ಲದಿರುವುದು, ಹಾದಿಯಲ್ಲಿ ಎಳೆಯ ಮಕ್ಕಳಿಗೆ ಅಪಾಯ, ಇವುಗಳಿರುವ ಕಡೆ ಆ ಅಪಾಯ ತಪ್ಪುವ ಹಾಗೆ ಶಾಲೆಯ ಜಾಗವನ್ನು ಆರಿಸಬೇಕು, ಅಗತ್ಯವಿದ್ದರೆ ದೂರವನ್ನು ಇನ್ನೂ ಇಳಿಸಬೇಕು. ಶಾಲೆಯೇ ಇಲ್ಲದ ಚಿಕ್ಕ ಊರುಗಳ ಮಕ್ಕಳಿಗೆ ಉಚಿತ ವಾಹನವನ್ನೋ ವಸತಿಯನ್ನೋ ಒದಗಿಸಬೇಕು. ಇದನ್ನು ಬರೆದವರು ಆಗುಂಬೆಯನ್ನು ನೋಡಿದ್ದರೋ ಇಲ್ಲವೋ, ಬರೆದಿರುವುದಂತೂ ನಮ್ಮ ಸೀಮೆಯ ಚಿತ್ರವೇ.

ಇದು ಒಂದು ಯೋಜನೆ. ಇದಕ್ಕೆ ಕಾಲ್ನಡಿಗೆಯ ಯೋಜನೆ ಎಂದು ಹೆಸರಿಡೋಣ. ಇದರ ಬೇರು ಹಳೆಯದು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಪ್ರತಿ ಮಗುವಿನ ಮನೆಯಿಂದ ಸುಮಾರು ಒಂದು ಮೈಲಿಯೊಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆಂದಿತು. ಅಷ್ಟಕ್ಕೇ ನಿಲ್ಲದೆ, ನೆರೆಹೊರೆಯ ಎಲ್ಲ ಮಕ್ಕಳೂ, ಜಾತಿ, ಮತ, ಸಿರಿತನ ಯಾವುದನ್ನೂ ನೋಡದೆ, ಅದೇ ಶಾಲೆಗೆ ಹೋಗಬೇಕೆಂದೂ ಹೇಳಿತು. ಸರ್ಕಾರಗಳು ಮೊದಲ ಅರ್ಧವನ್ನು ಒಪ್ಪಿದವು, ಎರಡನೆಯ ಅರ್ಧವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವು. ಆ ಬೀಗದ ಕತೆಗೆ ಮುಂದೆ ಬರುತ್ತೇವೆ.

ಎರಡನೆಯದು ದೊಡ್ಡ ಶಾಲೆಯ ಯೋಜನೆ. ಸುತ್ತಲಿನ ಚಿಕ್ಕ ಶಾಲೆಗಳ ಮಕ್ಕಳನ್ನು ಒಂದು ಕಡೆ ಕೂಡಿಸಿ, ಶಿಶುವಿಹಾರದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಕಲಿಸುವುದು. ಕರ್ನಾಟಕ ಪಬ್ಲಿಕ್ ಶಾಲೆ ಎಂಬ ಹೆಸರಿನಲ್ಲಿ ಇದು 2018-19ರಲ್ಲಿ ಆರಂಭವಾಯಿತು. 2018ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಅಂದಿನ ಮುಖ್ಯಮಂತ್ರಿಗಳು 28,847 ಶಾಲೆಗಳನ್ನು ಪಕ್ಕದ 8,530 ಶಾಲೆಗಳಲ್ಲಿ ಸೇರಿಸುವ ಮಾತನ್ನು ಆಡಿದ್ದರು. ಸಾಹಿತಿಗಳೂ ಜನರೂ ಎದ್ದು ನಿಂತರು. ಅದಕ್ಕೂ ಹಿಂದೆ 2011-12ರ ಸುಮಾರಿನಲ್ಲಿ, ಐದಕ್ಕಿಂತ ಕಡಮೆ ಮಕ್ಕಳಿರುವ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸಲು ಹೊರಟಾಗಲೂ ಹೀಗೆಯೇ ಆಗಿತ್ತು. ಈಗ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇನ್ನೂ 500 ಪಬ್ಲಿಕ್ ಶಾಲೆಗಳೆಂದು 2025-26ರ ಬಜೆಟ್ಟು ಹೇಳಿತು. ಅದೇ ವರ್ಷದ ಕೊನೆಯಲ್ಲಿ 'ಮ್ಯಾಗ್ನೆಟ್ ಶಾಲೆ' ಎಂಬ ಹೊಸ ಹೆಸರು ಕೇಳಿಬಂದಿತು. ಚಿಕ್ಕ ಶಾಲೆಗಳನ್ನು ಮುಚ್ಚುವ ಹುನ್ನಾರವೆಂದು ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು, ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರ್ಕಾರ ಸಮಾಧಾನ ಹೇಳಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಶಾಲೆಗಳ ಖಾತೆ ನಮ್ಮ ಮಲೆನಾಡಿನವರ ಕೈಗೆ ಮತ್ತೆ ಮತ್ತೆ ಬಂದಿದೆ. 1994ರಿಂದ 99ರವರೆಗೆ ಕೊಪ್ಪದ ಎಚ್. ಜಿ. ಗೋವಿಂದೇಗೌಡರು, ಲಂಚವಿಲ್ಲದೆ, ಶಿಫಾರಸಿಲ್ಲದೆ, ಅಂಕ ನೋಡಿ ಲಕ್ಷದಷ್ಟು ಉಪಾಧ್ಯಾಯರನ್ನು ನೇಮಿಸಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ. 2008ರಿಂದ 2013ರವರೆಗೆ ಸಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ. ಅವರ ತರುವಾಯ 2016ರವರೆಗೆ ನಮ್ಮ ತೀರ್ಥಹಳ್ಳಿಯ ಕಿಮ್ಮನೆ ರತ್ನಾಕರ. 2023ರಲ್ಲಿ ಸೊರಬದ ಮಧು ಬಂಗಾರಪ್ಪ. ಇವರಲ್ಲಿ ಯಾರಿಗೂ ಹಳ್ಳ ಎಂದರೇನು, ಪುಷ್ಯ ಮಳೆ ಎಂದರೇನು ಎಂದು ಬೆಂಗಳೂರಿನ ಯಾವ ಗುಮಾಸ್ತನೂ ವಿವರಿಸಬೇಕಾಗಿಲ್ಲ. ಹೀಗಿದ್ದೂ ವಿಧಾನಸೌಧದಿಂದ ಇಳಿಯುವ ಪ್ರತಿಯೊಂದು ಆದೇಶವೂ ಬಯಲುಸೀಮೆಯ ಊರನ್ನು ಕಣ್ಣಮುಂದಿಟ್ಟುಕೊಂಡು ಬರೆದ ಹಾಗಿರುತ್ತದೆ. ಬಯಲುಸೀಮೆಯಲ್ಲಿ ಊರು ಎಂದರೆ ಒತ್ತೊತ್ತಾಗಿ ನೂರು ಮನೆ, ನಡುವೆ ಶಾಲೆ. ಕುಪ್ಪಳ್ಳಿಯ ಸುತ್ತಮುತ್ತ ಊರು ಎಂದರೆ ಒಂದು ಗುಡ್ಡದ ಸೆರಗಿನಲ್ಲಿ ಎರಡು ಮನೆ, ಕೆಳಗೆ ಗದ್ದೆಯ ಕೋಗು, ಆಚೆ ದಿಬ್ಬದಲ್ಲಿ ಇನ್ನೊಂದು ಮನೆ. ಒಂದೇ ಹಳ್ಳಿಯ ಹೆಸರಿನಲ್ಲಿ ಮೈಲಿಗಟ್ಟಲೆ ಕಾಡು.

ಇಂಥ ಕಡೆ ಒಂದು ಕಿಲೋಮೀಟರು ಎಂದರೆ ಎಷ್ಟು? ನಕ್ಷೆಯ ಮೇಲೆ ಕೈವಾರ ಇಟ್ಟು ವೃತ್ತ ಎಳೆದರೆ ಎಲ್ಲವೂ ಸಮೀಪವೇ. ಸಾಗರ ತಾಲೂಕಿನ ತುಮರಿಯ ಕಡೆಯವರನ್ನು ಕೇಳಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿಕೊಂಡ ಮೇಲೆ ಆಚೆ ದಡ ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ. ಲಾಂಚ್ ಬಂದರೆ ದಾಟಬೇಕು, ನಿಂತರೆ ಸುತ್ತಿ ಹೋಗಬೇಕು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಾಡಿಗೆ ಬೆಳಕು ಕೊಡಲು ಮನೆ-ಗದ್ದೆ ಕಳೆದುಕೊಂಡ ಜನ ತಮ್ಮ ಮಕ್ಕಳನ್ನು ಆಚೆ ದಡದ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಕಳುಹಿಸಲು ಅರವತ್ತೊಂದು ವರ್ಷ ಕಾಯಬೇಕಾಯಿತು. ಆ ಕಾಲದಲ್ಲಿ ಕೈವಾರ ಹಿಡಿದವನಿಗೆ ಎರಡು ದಡವೂ ಒಂದೇ ವೃತ್ತದೊಳಗೆ ಬೀಳುತ್ತಿದ್ದವು.

ದೊಡ್ಡ ನೀರಿನ ಮಾತು ಹಾಗಿರಲಿ, ಚಿಕ್ಕ ಹಳ್ಳವೇ ಸಾಕು. ವರ್ಷಕ್ಕೆ 7,000 ಮಿಲಿಮೀಟರು ದಾಟುವ ಮಳೆ ಬೀಳುವ ಆಗುಂಬೆ ನಮ್ಮ ತೀರ್ಥಹಳ್ಳಿ ತಾಲೂಕಿನಲ್ಲಿದೆ. ಹೊಸನಗರದ ಹುಲಿಕಲ್ಲಿನಲ್ಲಿಯೂ ಮಳೆ ಅದಕ್ಕೆ ಸೋಲುವಂಥದಲ್ಲ. ಬೇಸಗೆಯಲ್ಲಿ ಮಕ್ಕಳು ಹಾರಿ ದಾಟುವ ತೋಡು ಆರಿದ್ರಾ ಮಳೆ ಹೊಡೆದ ಮೇಲೆ ಎದೆಮಟ್ಟ. ಮೇಲೆ ಅಡಕೆ ಮರದ ಎರಡು ದಬ್ಬೆ ಹಾಕಿದ ಸಂಕ, ಹಿಡಿದುಕೊಳ್ಳಲು ಬಳ್ಳಿಯೋ ಬಿದಿರೋ. 2022ರ ಆಗಸ್ಟಿನಲ್ಲಿ ಘಟ್ಟದ ಕೆಳಗೆ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಬರುತ್ತಿದ್ದ ಎರಡನೆಯ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ಹೋದಳು. ಅಂದಿನ ಪತ್ರಿಕೆಗಳಲ್ಲಿ ಮಂತ್ರಿಗಳ ಸಂತಾಪವೂ, ಕಾಲುಸಂಕಗಳ ಪಟ್ಟಿ ಮಾಡುವ ಮಾತೂ ಬಂದವು. ಆ ಮಗುವಿನ ಶಾಲೆ ಏನೂ ಬಹಳ ದೂರದ್ದಲ್ಲ. ನಡುವೆ ನೀರಿತ್ತು, ಅಷ್ಟೆ.

ನಾವು ಕೆಲವು ವರ್ಷ ಮೇಷ್ಟರಿಕೆ ಮಾಡಿದವರು. ಆಗ ಕಲಿತ ಒಂದು ಪಾಠವನ್ನು ಇಲ್ಲಿ ಬರೆಯುವುದು ತಪ್ಪಲ್ಲ. ಶಾಲೆಯ ಎಲ್ಲೆ ನಕ್ಷೆಯಲ್ಲಿ ಸಿಗುವುದಿಲ್ಲ, ಹಾಜರಿ ಪುಸ್ತಕದಲ್ಲಿ ಸಿಗುತ್ತದೆ. ಜನವರಿ ತಿಂಗಳ ಪುಟ ನೋಡಿದರೆ ಎಲ್ಲರೂ ಹಾಜರು, ಬರೀ ಗೆರೆಗಳು. ಜುಲೈ ತಿಂಗಳ ಪುಟ ತಿರುವಿದರೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಸಾಲಾಗಿ ಬೀಳುತ್ತದೆ, ಅದೂ ಒಂದೇ ದಿಕ್ಕಿನ ಮನೆಗಳ ಹೆಸರುಗಳ ಮುಂದೆ. ಹಳ್ಳದಾಚೆಯ ನಾಲ್ಕು ಮಕ್ಕಳು ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ತಪ್ಪುತ್ತಾರೆ. ಅವರಲ್ಲಿಯೂ ಹುಡುಗಿಯರು ಮೊದಲು ತಪ್ಪುತ್ತಾರೆ. ಮಳೆ ಬಿಟ್ಟ ಮೇಲೆ ಮಗ್ಗಿ ಎಲ್ಲಿಗೆ ಬಂದಿತ್ತೆಂದು ಆ ಮಕ್ಕಳಿಗೆ ಗೊತ್ತಿರುವುದಿಲ್ಲ. ಹಿಂದೆ ಬಿದ್ದವರು ಹಿಂದೆಯೇ ಕೂತುಕೊಳ್ಳುತ್ತಾರೆ. ಏಳನೆಯ ತರಗತಿಗೆ ಬರುವ ಹೊತ್ತಿಗೆ ಅಪ್ಪ "ಇವನಿಗೆ ಓದು ಹತ್ತುವುದಿಲ್ಲ" ಎಂದು ಯಾವುದಾದರೂ ಹೋಟೆಲಿಗೋ ಗ್ಯಾರೇಜಿಗೋ ಕಳುಹಿಸುತ್ತಾನೆ. ಓದು ಹತ್ತದ್ದಲ್ಲ, ಹಳ್ಳ ದಾಟಲಾಗದ್ದು.

ಹೀಗೆಂದು ದೊಡ್ಡ ಶಾಲೆಯ ಯೋಜನೆಯನ್ನು ಬೈದು ಕೈತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ಚಿಕ್ಕ ಶಾಲೆಯ ಹಾಡು ಹಾಡುವವರಲ್ಲಿ ಹಲವರು ಅಲ್ಲಿ ಒಂದು ದಿನವೂ ಕಲಿಸಿದವರಲ್ಲ. ಏಳು ಮಕ್ಕಳು, ಐದು ತರಗತಿ, ಒಬ್ಬರೇ ಉಪಾಧ್ಯಾಯರು. ಅವರೇ ಬಿಸಿಯೂಟದ ಅಕ್ಕಿ ತೂಗಬೇಕು, ಮೊಟ್ಟೆ ಎಣಿಸಬೇಕು, ಮತದಾರರ ಪಟ್ಟಿ ತಿದ್ದಬೇಕು, ಜಾತಿ ಸಮೀಕ್ಷೆಗೆ ಮನೆಮನೆ ಅಲೆಯಬೇಕು, ಸಿಗ್ನಲ್ ಸಿಗುವ ಗುಡ್ಡ ಹತ್ತಿ ಮೊಬೈಲಿನಲ್ಲಿ ಅಂಕಿಅಂಶ ತುಂಬಬೇಕು. ಅವರು ತಾಲೂಕು ಕೇಂದ್ರಕ್ಕೆ ಸಭೆಗೆ ಹೋದ ದಿನ ಶಾಲೆಗೆ ಬೀಗ, ಅಥವಾ ಅಡುಗೆಯ ಅಮ್ಮನೇ ಮೇಷ್ಟರು. ಮೂರನೆಯ ತರಗತಿಯಲ್ಲಿ ಒಂದೇ ಮಗು ಇದ್ದರೆ ಅದು ಯಾರೊಡನೆ ಆಡಬೇಕು, ಯಾರೊಡನೆ ಪಂದ್ಯ ಹೂಡಬೇಕು? ಇಂಥದನ್ನು ಶಾಲೆ ಎಂದು ಕರೆದು ಬಡವರ ಮಕ್ಕಳನ್ನು ಅಲ್ಲಿಯೇ ಕೂಡಿಹಾಕುವುದು ನ್ಯಾಯವಲ್ಲ. ತರಗತಿಗೊಬ್ಬ ಉಪಾಧ್ಯಾಯ, ಆಟದ ಬಯಲು, ಪ್ರಯೋಗಶಾಲೆ, ಇಂಗ್ಲಿಷ್ ಹೇಳಿಕೊಡುವವರು, ಇವು ಹತ್ತು ಮಕ್ಕಳ ಶಾಲೆಗೆ ಬರುವುದಿಲ್ಲ, ನಾನೂರು ಮಕ್ಕಳ ಶಾಲೆಗೆ ಬರಬಹುದು. ತಾಯಂದಿರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಆದುದರಿಂದಲೇ ಹಳ್ಳಿಯ ಶಾಲೆಯ ಮುಂದೆಯೇ ಹಾದುಹೋಗುವ ಹಳದಿ ವ್ಯಾನಿಗೆ ಮಕ್ಕಳನ್ನು ಹತ್ತಿಸುತ್ತಾರೆ.

ಈ ಹಳದಿ ವ್ಯಾನೇ ಮೂರನೆಯ ಯೋಜನೆ. ಇದನ್ನು ಯಾವ ಇಲಾಖೆಯೂ ಬರೆಯಲಿಲ್ಲ, ಯಾವ ಬಜೆಟ್ಟೂ ಹೇಳಲಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಶಾಲೆಯ ಎಲ್ಲೆಯನ್ನು ನಿಜವಾಗಿ ಎಳೆಯುತ್ತಿರುವುದು ಅದೇ. ಪೇಟೆಯ ಖಾಸಗಿ ಶಾಲೆಗೆ ಎಲ್ಲೆ ಇಲ್ಲ. ಅದರ ವ್ಯಾನು ಡಾಂಬರು ಇರುವವರೆಗೆ ಹೋಗುತ್ತದೆ, ಫೀಜು ಕಟ್ಟಬಲ್ಲವರ ಮನೆಯ ಮುಂದೆ ನಿಲ್ಲುತ್ತದೆ. ಅದು ಒಂದೊಂದು ಗುಡ್ಡದಿಂದ ಇಬ್ಬರು ಮೂವರನ್ನು ಎತ್ತಿಕೊಂಡು ಬಂದ ಹಾಗೆಲ್ಲ ಸರ್ಕಾರಿ ಶಾಲೆಯ ಲೆಕ್ಕ ಹತ್ತರಿಂದ ಏಳಕ್ಕೆ, ಏಳರಿಂದ ನಾಲ್ಕಕ್ಕೆ ಇಳಿಯುತ್ತದೆ. ಅನಂತರ ಇಲಾಖೆ ಬಂದು, ಮಕ್ಕಳಿಲ್ಲ, ಸೇರಿಸೋಣ ಎನ್ನುತ್ತದೆ. ಉಳಿದ ನಾಲ್ವರು ಯಾರು? ವ್ಯಾನಿಗೆ ದುಡ್ಡಿಲ್ಲದವರು, ಡಾಂಬರು ಮುಟ್ಟದ ಹಾದಿಯವರು. ಅವರಿಗೇ ಎಲ್ಲಕ್ಕಿಂತ ದೂರದ ನಡಿಗೆ.

ಇಲ್ಲಿ ನಮ್ಮ ವಾಚಕರೊಡನೆ ಸ್ವಲ್ಪ ಖಾರವಾಗಿ ಮಾತಾಡುವ ಸಲಿಗೆ ನಮಗಿದೆ ಎಂದು ಭಾವಿಸುತ್ತೇವೆ. ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತು, ಸೊಸೈಟಿಯಲ್ಲಿ ಸಾಲ ಮಾಡಿ, ಮಗನ ಇಂಗ್ಲಿಷ್ ಶಾಲೆಗೆ ಡೊನೇಶನ್ ಕಟ್ಟುವ ವ್ಯಾಪಾರಿಗಳು ನಮ್ಮಲ್ಲಿದ್ದಾರೆ. ಗಿರಣಿಯ ಕೂಲಿಯಲ್ಲಿ ದೊಡ್ಡ ಪಾಲನ್ನು ವ್ಯಾನಿಗೆ ಕೊಡುವ ಸಂಗಾತಿಗಳಿದ್ದಾರೆ. ಅವರನ್ನು ನಾವು ದೂರುವುದಿಲ್ಲ. ಮುಳುಗುವ ದೋಣಿಯಿಂದ ತನ್ನ ಮಗುವನ್ನು ಎತ್ತಿಕೊಂಡವನನ್ನು ಯಾರು ದೂರಬಲ್ಲರು? ಆದರೆ ಭಾನುವಾರದ ಸಭೆಯಲ್ಲಿ "ಸರ್ಕಾರಿ ಶಾಲೆ ಉಳಿಸಿ" ಎಂದು ಕೂಗಿ ಸೋಮವಾರ ಬೆಳಿಗ್ಗೆ ವ್ಯಾನಿನ ಹಾರನ್ನಿಗೆ ಕಿವಿಗೊಟ್ಟು ನಿಲ್ಲುವವರಲ್ಲಿ ನಮ್ಮ ಪಕ್ಷದ ಮಂದಿಯೂ ಇದ್ದಾರೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಪೇಟೆಯ ಎಲ್ಲೆಯ ಕತೆ ಇದಕ್ಕಿಂತ ವಿಚಿತ್ರ. ಶಿಕ್ಷಣ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ನೂರಕ್ಕೆ ಇಪ್ಪತ್ತೈದು ಸೀಟುಗಳನ್ನು ನೆರೆಹೊರೆಯ ಬಡ, ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಿಸಿತು. ನಮ್ಮ ರಾಜ್ಯದಲ್ಲಿ ನೆರೆಹೊರೆ ಎಂದರೆ ಪೇಟೆಯಲ್ಲಿ ವಾರ್ಡು, ಹಳ್ಳಿಯಲ್ಲಿ ಕಂದಾಯ ಗ್ರಾಮ. ಒಂದೇ ಬೀದಿಯ ಎಡಗಡೆಯ ಮನೆ ಒಂದು ವಾರ್ಡು, ಬಲಗಡೆಯದು ಇನ್ನೊಂದು; ಎಡಗಡೆಯ ಹಮಾಲನ ಮಗುವಿಗೆ ಎದುರಿಗಿರುವ ಶಾಲೆ ಪರದೇಶವಾಯಿತು. ಆಮೇಲೆ 2019ರ ಜನವರಿಯಲ್ಲಿ ನಿಯಮ ತಿದ್ದಿ, ಆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲವೆಂದರು. ಅದೇ ವರ್ಷದ ಮೇ 31ರಂದು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಲಕ್ಷವನ್ನು ಮೀರಿದ್ದ ಸೀಟುಗಳು ಕೆಲವು ಸಾವಿರಕ್ಕೆ ಇಳಿದವು. ಮಹಾರಾಷ್ಟ್ರ ಸರ್ಕಾರವೂ 2024ರಲ್ಲಿ ಇಂಥದೇ ದಾರಿ ಹಿಡಿಯಿತು; ಅಲ್ಲಿನ ಹೈಕೋರ್ಟು ಅದನ್ನು ರದ್ದುಮಾಡಿತು, ಸುಪ್ರೀಂ ಕೋರ್ಟು ಆ ತೀರ್ಪಿನಲ್ಲಿ ಕೈಹಾಕಲಿಲ್ಲ.

ಸರ್ಕಾರದ ಹಣ ಖಾಸಗಿಯವರಿಗೆ ಏಕೆ ಹೋಗಬೇಕು, ಅದು ನಮ್ಮ ಶಾಲೆಗೇ ಬರಲಿ ಎಂಬ ವಾದದಲ್ಲಿ ಹುರುಳಿದೆ. ಇಂದಿಗೂ ನಾವು ಅದನ್ನು ಒಪ್ಪುತ್ತೇವೆ. ಆದರೆ ಆ ನಿಯಮ ಯಾರನ್ನು ಕಟ್ಟಿತು? ಮಿಲ್ಲಿನ ಕೂಲಿಯವನಿಗೆ, ನಿನ್ನ ವಾರ್ಡಿನಲ್ಲಿ ಸರ್ಕಾರಿ ಶಾಲೆಯಿದೆ, ಅಲ್ಲಿಗೇ ಹೋಗು ಎಂದಿತು. ಅದೇ ವಾರ್ಡಿನ ಮಿಲ್ಲಿನ ಮಾಲೀಕನಿಗೆ, ಶಾಲೆಯ ಸಾಹೇಬರಿಗೆ, ನಗರಸಭೆಯ ಸದಸ್ಯರಿಗೆ ಏನನ್ನೂ ಹೇಳಲಿಲ್ಲ. ಅವರ ಮಕ್ಕಳ ಬಸ್ಸು ಐದು ವಾರ್ಡು ದಾಟಿ ಹೋಗುತ್ತದೆ. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಸರ್ಕಾರಿ ನೌಕರರೂ ಜನಪ್ರತಿನಿಧಿಗಳೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳುಹಿಸಬೇಕೆಂದು ಆಜ್ಞೆ ಮಾಡಿದಾಗ ದೇಶವೆಲ್ಲ ಚಪ್ಪಾಳೆ ತಟ್ಟಿತು. ಆ ಆಜ್ಞೆಯಂತೆ ಯಾವ ಕಲೆಕ್ಟರರ ಮಗನೂ ಮರುದಿನ ಬೆಂಚು ಬದಲಿಸಿದ್ದು ನಮಗೆ ಕಾಣಲಿಲ್ಲ.

'ಮ್ಯಾಗ್ನೆಟ್' ಎಂಬ ಹೆಸರಿನ ವಿಚಾರ ಸ್ವಲ್ಪ ಹೇಳುತ್ತೇವೆ, ಏಕೆಂದರೆ ಅದು ಅಮೆರಿಕದಿಂದ ಬಂದ ಮಾತು. ಅಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ಕರಿಯರಿಗೊಂದು ಬಿಳಿಯರಿಗೊಂದು ಶಾಲೆ ಕೂಡದೆಂದಿತು. ಶಾಲೆಗಳ ಬಾಗಿಲಿನ ಹಲಗೆ ಹೋಯಿತು, ಊರಿನ ಮೊಹಲ್ಲಾಗಳು ಹಾಗೆಯೇ ಉಳಿದವು. ಎಲ್ಲೆಯನ್ನು ಮೊಹಲ್ಲಾದ ಸುತ್ತ ಎಳೆದರೆ ಶಾಲೆಯೂ ಹಾಗೆಯೇ ಉಳಿಯುತ್ತದಷ್ಟೆ. 1971ರಲ್ಲಿ ಅದೇ ಕೋರ್ಟು ಬಸ್ಸಿನಲ್ಲಿ ಮಕ್ಕಳನ್ನು ಆಚೀಚೆ ಕಳುಹಿಸಿ ಬೆರೆಸಬಹುದೆಂದಿತು. 1974ರಲ್ಲಿ, ಡೆಟ್ರಾಯಿಟ್ ಊರಿನ ಮೊಕದ್ದಮೆಯಲ್ಲಿ, ಊರ ಹೊರಗಿನ ಸಿರಿವಂತ ಬಡಾವಣೆಗಳ ಗಡಿಯನ್ನು ದಾಟುವಂತಿಲ್ಲವೆಂದಿತು. ಬಿಳಿಯರು ಆ ಗಡಿಯಾಚೆ ಹೋಗಿ ಕೂತರು. ಆ ಕಾಲದಲ್ಲಿ ಬಿಳಿಯರ ಮಕ್ಕಳನ್ನೂ ಕರಿಯರ ಮಕ್ಕಳನ್ನೂ ಒಂದೇ ಕಡೆ ಸೆಳೆಯಲೆಂದು ಕಟ್ಟಿದ ವಿಶೇಷ ಶಾಲೆಗಳೇ ಮ್ಯಾಗ್ನೆಟ್ ಶಾಲೆಗಳು. ನಮ್ಮ ಸರ್ಕಾರ ಹೆಸರನ್ನು ತಂದಿತು, ಉದ್ದೇಶವನ್ನು ಹಡಗಿನಲ್ಲೇ ಬಿಟ್ಟಿತು. ಇಲ್ಲಿ ಚಿಕ್ಕ ಶಾಲೆಯ ಬಡವನನ್ನು ದೊಡ್ಡ ಶಾಲೆಯ ಬಡವನ ಪಕ್ಕದಲ್ಲಿ ಕೂರಿಸುವುದಕ್ಕೆ ಅಯಸ್ಕಾಂತ ಬೇಕಾಗಿದೆ. ಜಪಾನಿನಲ್ಲಿ ಮನೆಯ ವಿಳಾಸ ನೋಡಿ ಮುನಿಸಿಪಾಲಿಟಿಯೇ ಪ್ರಾಥಮಿಕ ಶಾಲೆಯನ್ನು ಗೊತ್ತುಮಾಡುತ್ತದೆ. ಕಾರ್ಖಾನೆಯ ಮೇಸ್ತ್ರಿಯ ಮಗಳೂ ಇಂಜಿನಿಯರನ ಮಗಳೂ ಬಹುಮಟ್ಟಿಗೆ ಅದೇ ಶಾಲೆಗೆ ಗುಂಪಾಗಿ ನಡೆದು ಹೋಗುತ್ತಾರೆ. ಅಲ್ಲಿಯೂ ಹಳ್ಳಿಗಳು ಬರಿದಾಗಿ ಶಾಲೆಗಳು ಸೇರಿಕೊಳ್ಳುತ್ತಿವೆ. ಆದರೆ ಎಲ್ಲೆ ಎಂಬುದು ಅಲ್ಲಿ ಇಡೀ ಬೀದಿಗೆ ಅನ್ವಯಿಸುತ್ತದೆ.

ನಮ್ಮ ಸೀಮೆಗೆ ಅಳತೆಯ ಜಗಳ ಹೊಸದಲ್ಲ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದಕ್ಕೆ ಒಂದು ಮುಖ್ಯ ಕಾರಣ ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು. ಭತ್ತ ಬೆಳೆದವನು, ಕೊಡಬೇಕಾದ್ದನ್ನು ಕೊಡುತ್ತೇನೆ, ಸರಿಯಾದ ಕೊಳಗದಲ್ಲಿ ಅಳೆ ಎಂದ. ಶಾಲೆಯ ದೂರವನ್ನು ಅಳೆಯುವಾಗಲೂ ನಾವು ಕೇಳುವುದು ಅಷ್ಟನ್ನೇ.

ಎರಡು ಯೋಜನೆಗಳಲ್ಲಿ ಯಾವುದನ್ನು ಆರಿಸುತ್ತೀರಿ ಎಂದು ಕೇಳಿದರೆ ನಮ್ಮ ಉತ್ತರ ಹೀಗಿದೆ. ಐದನೆಯ ತರಗತಿಯವರೆಗೆ ಕಾಲ್ನಡಿಗೆಯ ಶಾಲೆ. ಆರು ವರ್ಷದ ಮಗುವನ್ನು ಬೆಳಿಗ್ಗೆ ಏಳಕ್ಕೆ ಬಸ್ಸಿಗೆ ಹತ್ತಿಸಿ ಸಂಜೆ ಆರಕ್ಕೆ ಇಳಿಸಿಕೊಳ್ಳುವ ಯೋಜನೆ ಎಷ್ಟೇ ದೊಡ್ಡ ಕಟ್ಟಡ ಕಟ್ಟಿದರೂ ಬೇಡ. ಅಂಥ ಶಾಲೆಯಲ್ಲಿ ಮಕ್ಕಳು ಎಷ್ಟೇ ಇರಲಿ, ಇಬ್ಬರು ಉಪಾಧ್ಯಾಯರು ಇರಲೇಬೇಕು. ಅವರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಎಳೆಯಬಾರದು. ಅಂಗನವಾಡಿ ಅದೇ ಅಂಗಳದಲ್ಲಿರಲಿ, ಮಕ್ಕಳ ಗುಂಪೂ ದೊಡ್ಡದಾಗುತ್ತದೆ, ಅಕ್ಕ ತಮ್ಮನನ್ನು ಕೈಹಿಡಿದು ತರುತ್ತಾಳೆ. ಆರನೆಯ ತರಗತಿಯಿಂದ ಮೇಲೆ ದೊಡ್ಡ ಶಾಲೆಯೇ ಆಗಲಿ. ಹನ್ನೊಂದು ವರ್ಷದ ಮಕ್ಕಳಿಗೆ ಬಸ್ಸಿನ ಪ್ರಯಾಣ ತಡೆಯುತ್ತದೆ, ಅವರಿಗೆ ವಿಷಯಕ್ಕೊಬ್ಬ ಉಪಾಧ್ಯಾಯರ ಅಗತ್ಯವೂ ಇದೆ. ಆದರೆ ಮೊದಲು ಬಸ್ಸು, ಮೊದಲು ಸಂಕದ ಬದಲು ಕಾಂಕ್ರೀಟಿನ ಕಾಲುಸೇತುವೆ. ಅವು ಒಂದು ಪೂರ್ತಿ ಮಳೆಗಾಲ ನಡೆದು ತೋರಿಸಿದ ಮೇಲೆ ಸೇರಿಸುವ ಮಾತು. ಇದುವರೆಗೆ ನಡೆದಿರುವುದು ಇದರ ತಿರುಗುಮುರುಗು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂದಿತು, ಎಷ್ಟೋ ಹುಡುಗಿಯರು ಪ್ರೌಢಶಾಲೆ ಮುಟ್ಟಿದರು, ಕೋವಿಡ್ ಬಂದ ಮೇಲೆ ಅದು ನಿಂತುಹೋಯಿತು. ಶಾಲೆ ಒಮ್ಮೆ ಸೇರಿಹೋದರೆ ಮತ್ತೆ ತೆರೆಯುವುದಿಲ್ಲ, ಬಸ್ಸು ಮಾತ್ರ ಯಾವ ಬಜೆಟ್ಟಿನಲ್ಲಿಯಾದರೂ ನಿಲ್ಲಬಹುದು. ನಮ್ಮ ಭಯ ಇದೇ.

ಬೆಳೆಯುವ ಪೇಟೆಗಳಲ್ಲಿ ಇನ್ನೊಂದು ಕೆಲಸವಾಗಬೇಕು. ಹೊಸ ಬಡಾವಣೆಗೆ ಮಂಜೂರಾತಿ ಕೊಡುವಾಗ ನಾಗರಿಕ ಸೌಲಭ್ಯಕ್ಕೆಂದು ನಿವೇಶನ ಬಿಡಿಸುತ್ತಾರೆ. ಆ ನಿವೇಶನ ಕ್ರಮೇಣ ಯಾವುದೋ ಟ್ರಸ್ಟಿನ ಹೆಸರಿಗೆ ಹೋಗಿ ಅಲ್ಲಿ ಫೀಜಿನ ಶಾಲೆ ಏಳುವುದನ್ನು ಕಾಣುತ್ತೇವೆ. ಮೊದಲ ಹಕ್ಕು ಸರ್ಕಾರಿ ಶಾಲೆಯದಾಗಲಿ. ಇಲ್ಲವಾದರೆ ಹತ್ತು ವರ್ಷದ ಮೇಲೆ, ಈ ವಾರ್ಡಿನಲ್ಲಿ ಜಾಗವಿಲ್ಲ, ನಿಮ್ಮ ಮಕ್ಕಳು ಹೆದ್ದಾರಿ ದಾಟಿ ಹೋಗಲಿ ಎನ್ನುತ್ತಾರೆ. ವಾರ್ಡಿನ ಗೆರೆ ಮತ ಎಣಿಸಲು ಎಳೆದದ್ದು. ಮಕ್ಕಳ ಶಾಲೆಗೆ ಅದನ್ನು ಉಪಯೋಗಿಸುವುದನ್ನು ಬಿಡಬೇಕು.

ಇನ್ನು ಆ ಬೀಗ ಹಾಕಿಟ್ಟ ಎರಡನೆಯ ಅರ್ಧ. ಎಲ್ಲೆ ಎಂದರೆ ಎಲ್ಲರಿಗೂ ಎಲ್ಲೆ. ನಾಳೆಯೇ 'ಖಾಸಗಿ ಶಾಲೆ ಮುಚ್ಚಿ' ಎಂದು ನಾವು ಹೇಳುತ್ತಿಲ್ಲ. ಸರ್ಕಾರದ ಖಜಾನೆಯಿಂದ ಸಂಬಳ ಪಡೆಯುವವರು, ಪಂಚಾಯತಿಯಿಂದ ವಿಧಾನಸಭೆಯವರೆಗೆ ಮತ ಕೇಳಿ ಕೂತವರು, ತಮ್ಮ ಮಕ್ಕಳನ್ನು ತಮ್ಮ ನೆರೆಹೊರೆಯ ಸರ್ಕಾರಿ ಶಾಲೆಗೆ ಹಾಕಲಿ, ಅಲ್ಲಿಂದ ಆರಂಭವಾಗಲಿ. ಹಾಕಿದ ಮರುವಾರವೇ ಆ ಶಾಲೆಯ ಸೋರುವ ಹೆಂಚು ಬದಲಾಗುತ್ತದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ನಮ್ಮ ಪಕ್ಷದ ತಾಲೂಕು ಸಮಿತಿಗಳ ಪದಾಧಿಕಾರಿಗಳಿಗೂ ಈ ಮಾತನ್ನು ಬರೆದು ಕಳುಹಿಸಿದ್ದೇವೆ. ಉತ್ತರಗಳು ಬಂದ ಹಾಗೆ ಪ್ರಕಟಿಸುತ್ತೇವೆ, ಬರದಿದ್ದರೆ ಬರಲಿಲ್ಲವೆಂದೂ ಪ್ರಕಟಿಸುತ್ತೇವೆ.

ಸದ್ಯಕ್ಕೆ ಮಾಡಬೇಕಾದ ಕೆಲಸ ಚಿಕ್ಕದು. ತನ್ನ ಗಡಿಯೊಳಗಿನ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ಲೆಕ್ಕವನ್ನು ಸ್ಥಳೀಯ ಸಂಸ್ಥೆಯೇ ಇಟ್ಟಿರಬೇಕೆಂದು ಕಾಯಿದೆಯ ಒಂಬತ್ತನೆಯ ಕಲಮು ಹೇಳುತ್ತದೆ. 2001ರಿಂದ ಪ್ರತಿ ಶಾಲೆಗೂ ತಂದೆತಾಯಿಗಳ ಎಸ್‌ಡಿಎಂಸಿ ಸಮಿತಿ ಇದೆ. ಯಾವ ಶಾಲೆಯನ್ನಾದರೂ ಸೇರಿಸುವ ಪ್ರಸ್ತಾಪ ಗ್ರಾಮಸಭೆಗೆ ಬಂದರೆ ನಮ್ಮವರು ಎರಡು ಕಾಗದಗಳನ್ನು ಮೇಜಿನ ಮೇಲಿಡಲು ಕೇಳಬೇಕು: ಪಂಚಾಯತಿಯ ಆ ಮಕ್ಕಳ ಪಟ್ಟಿ, ಮತ್ತು ಆ ಶಾಲೆಯ ಕಳೆದ ಮೂರು ವರ್ಷದ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪ್ರತಿದಿನ ಎಷ್ಟು ಮಕ್ಕಳು, ಯಾವ ಕಡೆಯ ಮನೆಗಳವರು, ತಪ್ಪಿದರೆಂಬ ಲೆಕ್ಕ. ಇವೆರಡನ್ನೂ ನೋಡದೆ ಯಾವ ಠರಾವಿಗೂ ಕೈ ಎತ್ತಬಾರದು. ಅನಂತರ ಸೇರಿಸಬೇಕೆನ್ನುವ ಅಧಿಕಾರಿಗಳನ್ನು ಕರೆದುಕೊಂಡು, ಕಾರಿನಲ್ಲಲ್ಲ, ಕಂಬಳಿಕೊಪ್ಪೆ ಹೊದ್ದು, ಕೊನೆಯ ಮನೆಯಿಂದ ಹೊಸ ಶಾಲೆಯವರೆಗೆ ಪುನರ್ವಸು ಮಳೆಯಲ್ಲಿ ಒಂದು ದಿನ ನಡೆಯಬೇಕು. ಉಂಬಳಕ್ಕೆ ಹಚ್ಚಲು ಸುಣ್ಣ, ಹೊಗೆಸೊಪ್ಪು ನಮ್ಮವರೇ ಕೊಡುತ್ತಾರೆ.

ಕಾಗದಗಳನ್ನು ಕೊಡುವುದಿಲ್ಲವೆಂದು ಯಾರಾದರೂ ಹೇಳಿದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಅರ್ಜಿಗೆ ಹತ್ತು ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಬರೆಯಲು ಬಾರದವರಿಗೆ ಗುರುವಾರ ಸಂತೆಯ ದಿನ ಸಂಜೆ ನಮ್ಮ ಕಚೇರಿಯಲ್ಲಿ ಬರೆದುಕೊಡುತ್ತೇವೆ. ಬರುವಾಗ ಶಾಲೆಯ ಹೆಸರು, ತಮ್ಮ ಮನೆಯಿಂದ ಅಲ್ಲಿಗೆ ಹೋಗುವ ಹಾದಿಯಲ್ಲಿ ಎಷ್ಟು ಹಳ್ಳ, ಎಷ್ಟು ಸಂಕ ಎಂಬುದನ್ನು ಮಕ್ಕಳನ್ನೇ ಕೇಳಿಕೊಂಡು ಬರಬೇಕು.